ತುರುಪು ಕೇಳಿದವಳು ತುರುಪನ್ನೇ ಹಾಕಬೇಕೇ

ಇಸ್ಪೀಟಿನ ವಿಷಯದಲ್ಲಿ ನಮ್ಮ ನಾಲ್ವರು ಗೆಳತಿಯರ ನಡುವೆ ಜಗಳ ನಡೆದದ್ದು ಹೆಚ್ಚಾಗಿ ಒಂದೇ ಪ್ರಶ್ನೆಗೆ. ಆ ಪ್ರಶ್ನೆ ಹೇಳುವ ಮೊದಲು ಆಟವನ್ನು ಸ್ವಲ್ಪ ಹೇಳಬೇಕು. ನಾವು ಆಡುವುದು ಇಪ್ಪತ್ತೆಂಟು. ಎದುರುಬದುರು ಕೂತವರು ಜೋಡಿ. ಏಳರಿಂದ ಮೇಲಿನ ಎಲೆಗಳು ಮಾತ್ರ ಸಾಕು. ಈ ಆಟದಲ್ಲಿ ರಾಜನಿಗೂ ರಾಣಿಗೂ ಬೆಲೆಯಿಲ್ಲ, ಗುಲಾಮನೇ ದೊಡ್ಡವನು, ಅವನ ನಂತರ ಒಂಬತ್ತು. ಇಷ್ಟು ಅಂಕ ಗೆಲ್ಲುತ್ತೇವೆಂದು ಎಲ್ಲರಿಗಿಂತ ಹೆಚ್ಚು ಕೂಗಿದವಳು ತನ್ನ ಕೈಯ ಒಂದು ಎಲೆಯನ್ನು ಮಗುಚಿ ಇಡುತ್ತಾಳೆ. ಆ ಎಲೆಯ ಜಾತಿಯೇ ತುರುಪು. ಅದು ಯಾವುದೆಂದು ಅವಳೊಬ್ಬಳಿಗೇ ಗೊತ್ತು. ಆಟ ಸಾಗುತ್ತಿದ್ದಂತೆ, ಇಳಿದ ಜಾತಿಯ ಎಲೆ ತನ್ನಲ್ಲಿ ಇಲ್ಲದವಳು ‘ತುರುಪು ತೆಗೆ’ ಎಂದು ಕೇಳಬಹುದು. ಆಗ ಮಗುಚಿಟ್ಟ ಎಲೆ ಎಲ್ಲರಿಗೂ ಕಾಣುತ್ತದೆ.

ಪ್ರಶ್ನೆ ಹುಟ್ಟುವುದು ಇಲ್ಲಿ. ಕೇಳಿದವಳ ಕೈಯಲ್ಲಿ ತುರುಪಿನ ಎಲೆ ಇದ್ದರೆ ಅವಳು ಅದನ್ನು ಹಾಕಿ ಹೊಡೆಯಲೇಬೇಕೇ? ಅಥವಾ ಸುಮ್ಮನೆ ತಿಳಿದುಕೊಂಡು ಬೇರೆ ಯಾವುದೋ ಪುಡಿ ಎಲೆ ಎಸೆಯಬಹುದೇ?

ಬೈಂದೂರಿನವಳ ಮನೆಯಲ್ಲಿ ಹೊಡೆಯಲೇಬೇಕು, ಇಲ್ಲವಾದರೆ ಆಟವೇ ಎದುರು ಜೋಡಿಗೆ ಹೋಗುತ್ತದೆ. ಬ್ರಹ್ಮಾವರದವಳ ಮನೆಯಲ್ಲಿ ಅವರವರ ಇಷ್ಟ. ಕುಂದಾಪುರದ ನನ್ನ ಮನೆಯಲ್ಲಿ ಇದು ತೀರ್ಮಾನವಾದದ್ದೇ ಇಲ್ಲ. ಮೊದಮೊದಲು ಈ ವಿಷಯಕ್ಕೆ ಚಾ ಆರಿಹೋಗುವಷ್ಟು ವಾದ ನಡೆಯುತ್ತಿತ್ತು. ಆಮೇಲೆ ಯಾರೋ ಒಬ್ಬರು, ಯಾರ ಮನೆಯ ಸಿಟೌಟಿನಲ್ಲಿ ಕೂತಿದ್ದೇವೋ ಆ ಮನೆಯ ಕಾನೂನು ಎಂದು ಹೇಳಿ ಮುಗಿಸಿದರು. ಹಾಗೆ ಹೇಳಿದ್ದು ನಾನೇ ಎಂದು ನಾನು ಬಹಳ ಕಾಲ ನಂಬಿದ್ದೆ. ಬ್ರಹ್ಮಾವರದವಳೂ ಅದು ತನ್ನ ಮಾತು ಎಂದು ನಂಬಿದ್ದಾಳೆ. ಇಬ್ಬರಲ್ಲಿ ಒಬ್ಬಳ ನೆನಪು ಸುಳ್ಳು, ಅಥವಾ ಇಬ್ಬರದೂ.

ತಲ್ಲೂರಿನವಳ ಮನೆಯಲ್ಲಿ ಮಾತ್ರ ಆಟ ನಡೆದದ್ದಿಲ್ಲ. ಅವಳಿಗೆ ದನ ಕರು, ಡೈರಿಗೆ ಹಾಲು ಹಾಕುವ ಹೊತ್ತು, ಮನೆ ತುಂಬ ಹಿರಿಯರು. ಹಾಗಾಗಿ ನಾಲ್ವರಲ್ಲಿ ಈ ವಾದಕ್ಕೆ ಕಿವಿಗೊಡದವಳು ಅವಳೊಬ್ಬಳೇ, ಅವಳ ಕಣ್ಣು ಗಡಿಯಾರದ ಮೇಲೆ. ಇದು ಮುಂದೆ ಇಷ್ಟು ಮುಖ್ಯವಾದೀತು ಎಂದು ನಮಗಾರಿಗೂ ಹೊಳೆದಿರಲಿಲ್ಲ.

ನಾವು ಪಿಯುಸಿಯಲ್ಲಿ ಒಂದೇ ಬೆಂಚಿನವರು. ಆಮೇಲೆ ನಾನು ಇತಿಹಾಸ ಓದಿ ಕಾಲೇಜಿನಲ್ಲಿ ಪಾಠ ಮಾಡಲು ಸೇರಿದೆ. ಬ್ರಹ್ಮಾವರದವಳು ಸೊಸೈಟಿಯ ಬ್ಯಾಂಕಿನಲ್ಲಿದ್ದಾಳೆ. ಬೈಂದೂರಿನವಳು ಫಾರ್ಮಸಿ ಓದಿ ಗಂಡನೊಂದಿಗೆ ಬಸ್‌ಸ್ಟ್ಯಾಂಡಿನ ಹತ್ತಿರ ಮೆಡಿಕಲ್ ಶಾಪ್ ಇಟ್ಟಳು. ಲೈಸೆನ್ಸ್ ಅವಳ ಹೆಸರಿನಲ್ಲಿದೆ, ಕೌಂಟರಿನಲ್ಲಿ ನಿಲ್ಲುವುದೂ ಅವಳೇ. ಸಾಮಾನು ತರುವುದು, ಲೆಕ್ಕ ನೋಡುವುದು ಗಂಡನ ಕೆಲಸ. ಮಕ್ಕಳೆಲ್ಲ ದೊಡ್ಡವರಾದ ಮೇಲೆ ಭಾನುವಾರ ಮಧ್ಯಾಹ್ನ ಒಬ್ಬರ ಮನೆಯಲ್ಲಿ ಸೇರಿ ಆಡುವುದು ರೂಢಿಯಾಯಿತು. ಸೋತ ಜೋಡಿ ಚಾದ ಲೋಟ ತೊಳೆಯಬೇಕು. ನಮ್ಮಲ್ಲಿ ಪಣ ಎಂದರೆ ಅಷ್ಟೇ.

ಬೈಂದೂರಿನವಳು ನಮ್ಮಲ್ಲಿ ಎಲ್ಲರಿಗಿಂತ ಚುರುಕು. ಆಟ ಅರ್ಧಕ್ಕೆ ಬರುವಷ್ಟರಲ್ಲಿ ಯಾರ ಕೈಯಲ್ಲಿ ಏನು ಉಳಿದಿದೆ ಎಂದು ಹೇಳಿಬಿಡುತ್ತಿದ್ದಳು. ‘ನಿನ್ನತ್ರ ಕಳಾವರ್ ಎಕ್ಕ ಇತ್ತಲೆ, ಹಾಕ್ ಕಾಂಬ’ ಎನ್ನುವಳು. ಎಕ್ಕ ಇದ್ದೇ ಇರುತ್ತಿತ್ತು. ಅಂಗಡಿಯಲ್ಲೂ ಹಾಗೆಯೇ. ಚೀಟಿಯಿಲ್ಲದೆ ಬಂದ ಅಜ್ಜಿಯೊಬ್ಬಳು ‘ಆ ಹಳ್ದಿ ಮಾತ್ರಿ’ ಎಂದರೆ, ಅವಳಿಗೆ ಯಾವ ಡಾಕ್ಟರು, ಯಾವ ಕಾಯಿಲೆಗೆ, ಎಷ್ಟು ಶಕ್ತಿಯ ಮಾತ್ರೆ ಬರೆದಿದ್ದರು ಎಂಬುದು ಇವಳಿಗೆ ಗೊತ್ತಿರುತ್ತಿತ್ತು.

ಕಳೆದ ವರ್ಷ ಮಳೆ ಹಿಡಿಯುವ ಮೊದಲು ಅವಳಿಗೆ ಸ್ಟ್ರೋಕ್ ಆಯಿತು. ಸಣ್ಣದು ಎಂದರು ಡಾಕ್ಟರು. ಎಡಗೈ ಸೋತಿತ್ತು, ಮಾತು ತೊದಲುತ್ತಿತ್ತು. ಬೇಗನೇ ಆಸ್ಪತ್ರೆ ಮುಟ್ಟಿಸಿದ್ದರಿಂದ ಎರಡೂ ಬಹುಮಟ್ಟಿಗೆ ಮರಳಿದವು. ಉಳಿದದ್ದು ಒಂದು ಹೆದರಿಕೆ. ಬಾಯಿಗೆ ಬಂದ ಹೆಸರು ಕೆಲವೊಮ್ಮೆ ಜಾರಿಹೋಗುತ್ತಿತ್ತು. ನಮಗೂ ಈ ವಯಸ್ಸಿನಲ್ಲಿ ಹಾಗಾಗುತ್ತದೆ, ಆದರೆ ನಾವು ಯಾರಿಗೂ ಮಾತ್ರೆ ಕೊಡುವುದಿಲ್ಲ. ಅಂಗಡಿಗೆ ಹೊಸದಾಗಿ ಓದು ಮುಗಿಸಿದ ಹುಡುಗಿಯೊಬ್ಬಳನ್ನು ತಾತ್ಕಾಲಿಕವಾಗಿ ಇಟ್ಟುಕೊಂಡಿದ್ದರು. ದೀಪಾವಳಿಯ ಒಳಗೆ ತಾನು ಕೌಂಟರಿಗೆ ಮರಳಬೇಕೋ, ಲೈಸೆನ್ಸನ್ನು ಆ ಹುಡುಗಿಯ ಹೆಸರಿಗೆ ಬದಲಿಸಿ ಮನೆಯಲ್ಲಿ ಕೂರಬೇಕೋ ಎಂದು ತೀರ್ಮಾನಿಸುವುದಾಗಿ ಅವಳು ನಮಗೆ ಹೇಳಿದ್ದಳು. ಗಂಡ ಏನೂ ಹೇಳುತ್ತಿರಲಿಲ್ಲವಂತೆ. ನಿನಗೆ ಧೈರ್ಯ ಬಂದರೆ ಬಾ ಎಂದಿದ್ದರಂತೆ, ಅಷ್ಟೇ.

ಮಳೆಗಾಲದ ಮಧ್ಯೆ ಅವಳೇ ಫೋನು ಮಾಡಿ ಆಟಕ್ಕೆ ಕರೆದಳು. ಅವಳಿಗೆ ಬಸ್ಸು ಹತ್ತುವಷ್ಟು ಬಲ ಇನ್ನೂ ಇರಲಿಲ್ಲವಾದ್ದರಿಂದ ಎಲ್ಲರೂ ಬೈಂದೂರಿಗೇ ಹೋಗುವುದೆಂದಾಯಿತು. ಬ್ರಹ್ಮಾವರದವಳು ಕುಂದಾಪುರಕ್ಕೆ ಬಂದು ನನ್ನ ಜೊತೆ ಬಸ್ಸು ಹತ್ತಿದಳು, ತಲ್ಲೂರಿನವಳು ತನ್ನೂರಿನಲ್ಲಿ ಹತ್ತಿ ನಮ್ಮ ನಡುವೆ ತುರುಕಿಕೊಂಡಳು. ಅವಳ ಕೈಯಲ್ಲಿ ಪತ್ರೊಡೆಯ ಡಬ್ಬಿ ಇತ್ತು. ದಾರಿಯುದ್ದಕ್ಕೂ ನಾವು ಮಾತಾಡಿದ್ದು ಅವಳೆದುರು ಏನು ಮಾತಾಡಬಾರದು ಎಂಬುದನ್ನೇ.

ಆ ಮಧ್ಯಾಹ್ನದ್ದು ನನಗೆ ಸ್ಪಷ್ಟವಾಗಿ ನೆನಪಿದೆ ಎಂದು ಬರೆಯಲು ಹೋಗಿ ನಿಲ್ಲಿಸಿದ್ದೇನೆ. ಅಂದಿನ ದಿನಚರಿ ತೆಗೆದು ನೋಡಿದರೆ ಅದರಲ್ಲಿ ಬಸ್ಸು ತಡವಾದದ್ದು, ಪತ್ರೊಡೆ, ಅವಳು ತೆಳ್ಳಗಾದದ್ದು ಇದೆ. ಆಟದ ಬಗ್ಗೆ ‘ಚೆನ್ನಾಗಿ ಆಡಿದಳು’ ಎಂಬುದೊಂದೇ ಸಾಲು. ದಿನಚರಿ ಬರೆಯುವವರು ನಿಜವನ್ನು ಹಿಡಿದಿಡುತ್ತಾರೆ ಎಂದು ಬರೆಯದವರು ತಿಳಿಯುತ್ತಾರೆ. ನಾನು ಬರೆಯುವುದು ಆ ದಿನ ಮಲಗುವ ಮೊದಲು ಏನನ್ನು ನಂಬಲು ಬಯಸಿದೆನೋ ಅದನ್ನು. ಹಾಗಾಗಿ ಮುಂದಿನದು ದಿನಚರಿಯಲ್ಲಿಲ್ಲದ್ದು. ಆಮೇಲೆ ಎಲ್ಲರೂ ಸೇರಿ ಮಾತಾಡಿ ಜೋಡಿಸಿಕೊಂಡದ್ದು.

ನಾನೂ ಬ್ರಹ್ಮಾವರದವಳೂ ಒಂದು ಜೋಡಿ. ಬೈಂದೂರಿನವಳಿಗೆ ತಲ್ಲೂರಿನವಳು ಜೋಡಿ. ಬ್ರಹ್ಮಾವರದವಳು ಕೂಗಿ ಗೆದ್ದು ತುರುಪು ಮಗುಚಿಟ್ಟಿದ್ದಳು. ನಾನು ಆಟಿನ್ ಗುಲಾಮ ಇಳಿಸಿದೆ. ನನ್ನ ಪಕ್ಕದಲ್ಲಿ ಬೈಂದೂರಿನವಳು. ಅವಳು ಕೈಯ ಎಲೆಗಳನ್ನು ಬಹಳ ಹೊತ್ತು ನೋಡಿದಳು. ಎಡಗೈ ಸ್ವಲ್ಪ ಅದುರುತ್ತಿದ್ದುದರಿಂದ ಎಲೆಗಳನ್ನು ಎದೆಗೆ ಒತ್ತಿ ಹಿಡಿದಿದ್ದಳು. ಆಮೇಲೆ ‘ತುರುಪ್ ತೆಗಿ’ ಎಂದಳು. ತೆಗೆದರೆ ಕಳಾವರ್. ಅವಳು ಡೈಮನ್ ಏಳು ಹಾಕಿದಳು. ಸರಿ, ಅವಳಲ್ಲಿ ಕಳಾವರ್ ಇಲ್ಲ ಎಂದುಕೊಂಡು ನಾನು ಆ ಸುತ್ತಿನ ನಾಲ್ಕೆಲೆಗಳ ಪಟ್ಟು ಎತ್ತಿಕೊಂಡೆ. ಮುಂದಿನ ಪಟ್ಟಿಗೆ ಕಳಾವರ್ ಇಳಿದಾಗ ಅವಳ ಕೈಯಿಂದ ಕಳಾವರ್ ಒಂಬತ್ತು ಬಿತ್ತು.

ಅವಳದೇ ಮನೆ, ಅವಳದೇ ಕಾನೂನು. ತುರುಪು ಇಟ್ಟುಕೊಂಡೇ ಹೊಡೆದಿರಲಿಲ್ಲ. ಬೇರೆ ದಿನವಾಗಿದ್ದರೆ ಬ್ರಹ್ಮಾವರದವಳು ಎಲೆಗಳನ್ನು ನೆಲಕ್ಕೆ ಬಡಿದು ಆಟ ನಮ್ಮದು ಎನ್ನುತ್ತಿದ್ದಳು. ಅಂದು ಅವಳು ನನ್ನ ಮುಖ ನೋಡಿದಳು, ನಾನು ಕಿಟಕಿ ನೋಡಿದೆ. ಬೈಂದೂರಿನವಳು ಒಂಬತ್ತರ ಮೇಲೆ ಬೆರಳಿಟ್ಟು ಏನೋ ಹೇಳಲು ಬಾಯಿ ತೆರೆದಳು. ಮಾತು ಹೊರಡುವ ಮೊದಲೇ ತಲ್ಲೂರಿನವಳು ಮುಗಿಸಿಬಿಟ್ಟಳು.

‘ಸರಿ ಇತ್ತ್ ಮಾರಾಯ್ತಿ. ತುರುಪ್ ಕೇಂಬುದ್ ಬೇರೆ, ಹೊಡುದ್ ಬೇರೆ. ನಾವ್ ಆಡುದ್ ಹಾಂಗೇ ಅಲ್ದಾ?’

ನಾವಿಬ್ಬರೂ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಆಟ ಮುಂದುವರಿಯಿತು. ತಲ್ಲೂರಿನವಳು ಎಷ್ಟು ಸಲೀಸಾಗಿ, ಎಷ್ಟು ನಂಬುವಂತೆ ಸುಳ್ಳು ಹೇಳಿದಳು ಎಂದು ನಾನು ಮನಸ್ಸಿನಲ್ಲೇ ಮೆಚ್ಚಿಕೊಂಡೆ. ಬಸ್ಸಿನಲ್ಲಿ ವಾಪಸು ಬರುವಾಗ ಆ ವಿಷಯ ಯಾರೂ ಎತ್ತಲಿಲ್ಲ. ಅವಳಿಗೆ ಮುಜುಗರವಾಗದಂತೆ ಒಳ್ಳೆಯ ಕೆಲಸ ಮಾಡಿದೆವು ಎಂಬ ಸಮಾಧಾನ ನಮ್ಮ ನಡುವೆ ಕೂತಿತ್ತು.

ಆಮೇಲಿನ ಭಾನುವಾರಗಳಲ್ಲಿ ಬೈಂದೂರಿನ ಸಿಟೌಟಿನಲ್ಲಿ ಕಾನೂನುಗಳು ಒಂದೊಂದಾಗಿ ಸಡಿಲವಾದವು. ಹಾಕಿದ ಎಲೆ ಹಿಂದೆ ತೆಗೆದರೆ ನಡೆಯುತ್ತಿತ್ತು. ಎಷ್ಟು ಕೂಗಿದೆವೆಂದು ಮತ್ತೆ ಮತ್ತೆ ಕೇಳಿದರೂ ನಡೆಯುತ್ತಿತ್ತು. ಅವಳು ಸೋತರೂ ಲೋಟ ತೊಳೆಯಲು ನಾವು ಬಿಡುತ್ತಿರಲಿಲ್ಲ. ತುರುಪು ಕೇಳಿದವಳು ಹೊಡೆಯದಿದ್ದರೂ ಆಯಿತು ಎಂಬುದು ಅವಳೊಬ್ಬಳಿಗಲ್ಲ, ಎಲ್ಲರಿಗೂ ಅನ್ವಯಿಸಿಬಿಟ್ಟಿತು. ಯಾಕೆಂದರೆ ಅವಳೊಬ್ಬಳಿಗೆ ಮಾತ್ರ ಎಂದರೆ ಕನಿಕರ ಬಯಲಾಗುತ್ತದೆ. ಒಮ್ಮೆ ನಾನೇ ತುರುಪು ಕೇಳಿ, ಕೈಯಲ್ಲಿ ತುರುಪಿದ್ದೂ ರಾಣಿ ಎಸೆದೆ. ನನಗೆ ತಪ್ಪು ಮಾಡಿದಂತೆ ಅನ್ನಿಸಲಿಲ್ಲ. ಅದೇ ನನ್ನನ್ನು ಆಮೇಲೆ ಹೆದರಿಸಿದ್ದು. ಇಷ್ಟು ವರ್ಷ ಈ ಮನೆಯಲ್ಲಿ ಹೇಗೆ ಆಡಿದ್ದೆವು ಎಂದು ಯೋಚಿಸಿದರೆ ಎರಡೂ ರೀತಿಯ ಚಿತ್ರಗಳು ಬರುತ್ತಿದ್ದವು, ಎರಡೂ ಒಂದೇ ಬೆಳಕಿನಲ್ಲಿ. ತರಗತಿಯಲ್ಲಿ ನಾನು ಹುಡುಗರಿಗೆ ಹೇಳುತ್ತೇನೆ, ಸಾಕ್ಷಿಗಳು ಒಟ್ಟಿಗೆ ಕೂತು ಮಾತಾಡಿಕೊಂಡರೆ ನಾಲ್ಕು ಸಾಕ್ಷಿಗಳಿದ್ದರೂ ಒಬ್ಬನೇ ಸಾಕ್ಷಿ ಎಂದು. ನಾವು ಮಾತೇ ಆಡದೆ ಅದನ್ನು ಮಾಡಿದ್ದೆವು.

ಬೈಂದೂರಿನವಳು ಮಾತ್ರ ಆಟದಲ್ಲಿ ಚುರುಕಾಗುವ ಬದಲು ಮೆತ್ತಗಾಗುತ್ತಾ ಹೋದಳು. ಯಾವ ಎಲೆ ಹಾಕಲೂ ನಮ್ಮ ಮುಖ ನೋಡುವಳು. ಯಾರ ಕೈಯಲ್ಲಿ ಏನಿದೆ ಎಂದು ಹೇಳುವುದನ್ನು ಬಿಟ್ಟೇಬಿಟ್ಟಳು. ಸ್ಟ್ರೋಕ್ ಎಂದರೆ ಹೀಗೆಯೇ ಎಂದು ನಾವು ಬಸ್ಸಿನಲ್ಲಿ ಮಾತಾಡಿಕೊಂಡೆವು.

ನವರಾತ್ರಿ ಕಳೆದ ಮೇಲಿನ ಭಾನುವಾರ ಅವಳು ಮೊದಲ ಬಾರಿ ಬೈಂದೂರು ಬಿಟ್ಟು ಹೊರಟಳು. ಆಟ ಬ್ರಹ್ಮಾವರದಲ್ಲಿ. ಜೊತೆಗೆ ಯಾರೂ ಬೇಡ ಎಂದು ಒಬ್ಬಳೇ ಎಕ್ಸ್‌ಪ್ರೆಸ್ ಬಸ್ಸು ಹತ್ತಿದ್ದಳು. ತಲ್ಲೂರಿನವಳೂ ನಾನೂ ಅದೇ ಬಸ್ಸನ್ನು ದಾರಿಯಲ್ಲಿ ಹಿಡಿದೆವು. ಕೋಟ, ಸಾಲಿಗ್ರಾಮ ದಾಟುವಾಗ ಅವಳು ಕಿಟಕಿಯಿಂದ ಅಂಗಡಿಗಳ ಬೋರ್ಡುಗಳನ್ನು ಓದುತ್ತಿದ್ದಳು. ತುಟಿ ಅಲುಗುತ್ತಿತ್ತು. ನಾನು ನೋಡಿದ್ದು ಅವಳಿಗೆ ಗೊತ್ತಾಗಿ ಓದುವುದನ್ನು ನಿಲ್ಲಿಸಿದಳು.

ಬ್ರಹ್ಮಾವರದವಳ ಮನೆಯಲ್ಲಿ ಗೋಳಿಬಜೆ ಕರಿದಿದ್ದರು. ತಿಂದು ಕೈ ಒರೆಸಿಕೊಂಡು ಚಾಪೆ ಹಾಸಿ ಕೂತೆವು. ಎಲೆ ಹಂಚುವ ಮೊದಲು ಬೈಂದೂರಿನವಳು ವಿಷಯ ಹೇಳಿದಳು. ತಾನು ಇನ್ನು ಅಂಗಡಿಗೆ ಹೋಗುವುದಿಲ್ಲ. ಆ ಹುಡುಗಿಯನ್ನೇ ಖಾಯಂ ಮಾಡಲು ಗಂಡನಿಗೆ ಹೇಳಿದ್ದಾಳೆ. ನಾಳೆ ಅರ್ಜಿ ಕೊಡುತ್ತಾರೆ. ಬೇಸರವೇನಿಲ್ಲ, ಮನೆಯಲ್ಲಿ ಮಾಡಲು ಬೇಕಾದಷ್ಟು ಕೆಲಸವಿದೆ ಎಂದಳು. ನಾವು ಮೂವರೂ ಒಟ್ಟಿಗೆ ಮಾತಾಡಲು ಹೊರಟೆವು, ಡಾಕ್ಟರು ಏನೂ ತೊಂದರೆಯಿಲ್ಲ ಎಂದಿದ್ದರಲ್ಲ, ಇನ್ನೂ ಸ್ವಲ್ಪ ದಿನ ನೋಡು ಎಂದೆಲ್ಲ. ಅವಳು ಕೈಯೆತ್ತಿ ನಮ್ಮನ್ನು ಸುಮ್ಮನಿರಿಸಿದಳು. ಕೌಂಟರಿನಲ್ಲಿ ನಿಂತು ಗದ್ದಲ ಮಾಡುವವರನ್ನು ಸುಮ್ಮನಿರಿಸುವ ಅವಳ ಹಳೆಯ ಅಭ್ಯಾಸ ಅದು.

‘ತಲಿಯೊಳ್ಗೆ ಇಲ್ಲದ್ದೆಲ್ಲ ಹುಟ್ಕಂತ್. ಮರತ್ ಹೋಪ್ದಾರೆ ಬರ್ದ್ ಇಟ್ಕಂಬ್ಲಕ್ಕ್. ಇಲ್ಲದ್ದ್ ನೆನಪಾಪ್ದಕ್ಕೆ ಎಂತ ಮಾಡುದ್?’

ಹೀಗೆ ನೆನಪಾಗುವ, ಎಂದೂ ಇಲ್ಲದ್ದು ಎಂದರೆ ಯಾವುದು ಎಂದು ಬ್ರಹ್ಮಾವರದವಳು ಕೇಳಿದಳು. ಅವಳು ಚಾಪೆಯ ಮೇಲಿದ್ದ ಕಟ್ಟನ್ನು ಎತ್ತಿಕೊಂಡು ಎಲೆಗಳನ್ನು ಒಂದೊಂದಾಗಿ ಸರಿಸುತ್ತಾ ಕೂತಳು. ನಮಗೆ ಹೇಳಿದರೆ ನಾವು ತಕ್ಷಣ ಹೌದು ಹೌದು ಎನ್ನುತ್ತೇವೆ, ಆಮೇಲೆ ಆ ಹೌದಿಗೆ ಬೆಲೆಯಿರುವುದಿಲ್ಲ, ಅದಕ್ಕೇ ಇಷ್ಟು ದಿನ ಹೇಳಲಿಲ್ಲ ಎಂದಳು. ಮತ್ತೆ ಏನೋ ಯೋಚಿಸಿ ನಮಗೆ ಎರಡೆರಡು ಎಲೆ ಹಂಚಿದಳು, ಒಂದು ಕೆಂಪು, ಒಂದು ಕಪ್ಪು. ತಾನೂ ಎರಡು ತೆಗೆದುಕೊಂಡಳು.

ಅವಳ ಪ್ರಶ್ನೆ ಇಷ್ಟೇ. ಬೈಂದೂರಿನ ತನ್ನ ಮನೆಯಲ್ಲಿ, ತನಗೆ ಕಾಯಿಲೆಯಾಗುವ ಮೊದಲು, ತುರುಪು ಕೇಳಿದವಳು ಕೈಯಲ್ಲಿದ್ದರೆ ಹೊಡೆಯಲೇಬೇಕಿತ್ತೇ? ಹೌದಾದರೆ ಕೆಂಪು, ಇಲ್ಲವಾದರೆ ಕಪ್ಪು. ಮಗುಚಿ ಇಡಬೇಕು. ಒಬ್ಬರ ಮುಖ ಒಬ್ಬರು ನೋಡಬಾರದು. ತನ್ನ ನೆನಪು ಯಾವುದೆಂದು ತಾನು ಹೇಳುವುದಿಲ್ಲ. ಮೊದಲು ತನ್ನ ಎಲೆಯನ್ನೇ ಮಗುಚಿಡುತ್ತಾಳೆ.

‘ನಂಗೆ ಖುಶಿ ಆಯ್ಲಿ ಅಂದೇಳಿ ಹಾಕೂಕಾಗ’ ಎಂದಳು. ‘ಹಾಕೂಕೆ ಹ್ವಾದ್ರೂ ನಂಗ್ ಯಾವ್ದ್ ಖುಶಿ ಅಂದೇಳಿ ನಿಮ್ಗ್ ಗೊತ್ತಿಲ್ಲ.’

ನಾನು ಎಷ್ಟೋ ವರ್ಷ ಸಾಕ್ಷ್ಯ, ಪುರಾವೆ ಎಂದು ಪಾಠ ಮಾಡಿದವಳು. ಇಷ್ಟು ಅಚ್ಚುಕಟ್ಟಾದ ಪರೀಕ್ಷೆ ನನಗೆ ಹೊಳೆದಿರಲಿಲ್ಲ. ತಲೆ ಕೆಟ್ಟಿದೆ ಎನ್ನುವವಳು ಕೂತಲ್ಲೇ ಇದನ್ನು ಹೊಸೆದಿದ್ದಳು. ಆದರೆ ಅದನ್ನು ಮೆಚ್ಚುವಷ್ಟು ನೆಮ್ಮದಿ ಆಗ ನನಗಿರಲಿಲ್ಲ. ಅವಳು ನಾಳೆ ಅರ್ಜಿ ಕೊಡುವುದೂ ಬಿಡುವುದೂ ನನ್ನ ಕೈಯ ಎರಡು ಎಲೆಗಳಲ್ಲಿತ್ತು, ಆದರೆ ಕಾನೂನು ಹೇಗಿತ್ತೆಂದು ನನಗೆ ನಿಜವಾಗಿ ಗೊತ್ತಿರಲಿಲ್ಲ. ಮಳೆಗಾಲವಿಡೀ ಆಡಿದ ಸಡಿಲ ಆಟ ಕಣ್ಣ ಮುಂದಿತ್ತು. ಅದರ ಹಿಂದಕ್ಕೆ ಹೋಗಲು ನೋಡಿದೆ. ಕೊನೆಗೆ ಹಿಡಿತಕ್ಕೆ ಸಿಕ್ಕಿದ್ದು ನಿಯಮವಲ್ಲ, ಒಂದು ಸದ್ದು. ಬ್ರಹ್ಮಾವರದವಳು ಬೈಂದೂರಿನ ಸಿಟೌಟಿನ ನೆಲಕ್ಕೆ ಎಲೆ ಬಡಿದು ಎದ್ದು ನಿಂತು, ‘ಹೊಡಿಲಿಲ್ಲ, ಆಟ ನಮ್ದ್’ ಎಂದು ಕೂಗಿದ್ದು. ಅವಳಿಗೆ ಬೈಂದೂರಿನಲ್ಲಿ ಗೆಲ್ಲುವುದೆಂದರೆ ವಿಶೇಷ ಸಂತೋಷ, ಅವರದೇ ಕಾನೂನಿನಿಂದ ಅವರನ್ನು ಸೋಲಿಸಿದೆ ಎಂದು. ಆ ಕೂಗು ಬೇರೆ ಮನೆಯಲ್ಲಿ ಆಗಿರಲು ಸಾಧ್ಯವಿಲ್ಲ. ನಾನು ಕೆಂಪು ಇಟ್ಟೆ.

ಅದು ನೆನಪೇ ಅಥವಾ ಬೇಕಾದ ಉತ್ತರಕ್ಕೆ ನಾನು ಹೊಂದಿಸಿಕೊಂಡ ಪುರಾವೆಯೇ ಎಂದು ಈಗಲೂ ಖಚಿತವಾಗಿ ಹೇಳಲಾರೆ. ಬೇಕಾದ ಉತ್ತರ ಯಾವುದೆಂದು ಗೊತ್ತಿರಲಿಲ್ಲ ಎಂಬುದೊಂದೇ ನನ್ನ ಸಮಾಧಾನ.

ನಾಲ್ಕು ಎಲೆಗಳು ಚಾಪೆಯ ಮೇಲೆ ಬೋರಲಾಗಿ ಬಿದ್ದಿದ್ದವು. ಒಳಗೆ ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿತ್ತು. ಬೈಂದೂರಿನವಳು ಮೊದಲು ತಲ್ಲೂರಿನವಳ ಎಲೆ ಎತ್ತಿದಳು. ಕಪ್ಪು.

ಅವಳು ಎಲೆಯನ್ನು ಅಲ್ಲೇ ಇಟ್ಟು, ಅದರ ಅಂಚನ್ನು ಚಾಪೆಯ ಗೆರೆಗೆ ಸರಿಯಾಗಿ ಹೊಂದಿಸಿದಳು. ಆಮೇಲೆ ನನ್ನದು ಎತ್ತಿದಳು, ಕೆಂಪು. ಬ್ರಹ್ಮಾವರದವಳದು, ಕೆಂಪು. ಕೊನೆಗೆ ತನ್ನದನ್ನು ಎತ್ತಿದಳು. ಅದೂ ಕೆಂಪು.

ಆಗ ಅವಳು ಎಲ್ಲ ಹೇಳಿದಳು. ಆ ಮೊದಲ ಭಾನುವಾರ ಡೈಮನ್ ಏಳು ಬಿದ್ದದ್ದು ಮರೆವಿನಿಂದಲ್ಲ, ಎಡಗೈಯ ಎಲೆಗಳು ಅದುರಿ ಬೆರಳಿಗೆ ಬೇರೆಯದು ಸಿಕ್ಕಿತು. ಪಟ್ಟು ಎತ್ತಿಯಾಗಿತ್ತು. ಮುಂದಿನ ಪಟ್ಟಿನಲ್ಲಿ ಒಂಬತ್ತು ಹಾಕುವಾಗ, ತಾನು ಹೊಡೆಯಬೇಕಿತ್ತು, ಆಟ ನಿಮ್ಮದು ಎಂದು ಅವಳೇ ಹೇಳಲು ಹೊರಟಿದ್ದಳು. ಅಷ್ಟರಲ್ಲಿ ತಲ್ಲೂರಿನವಳು, ನಾವು ಆಡುವುದೇ ಹಾಗಲ್ಲವೇ ಎಂದಳು, ನಾವಿಬ್ಬರು ಸುಮ್ಮನಿದ್ದೆವು. ಮೂವರೂ ಒಪ್ಪಿದ ಮೇಲೆ ತಪ್ಪು ಯಾರದ್ದಾಗಬೇಕು? ತನ್ನ ಮನೆಯ ಕಾನೂನು ಎಂದು ತಾನು ಇಟ್ಟುಕೊಂಡದ್ದು ಕಾಯಿಲೆ ಹುಟ್ಟಿಸಿದ್ದು ಎಂದು ನಿರ್ಧರಿಸಿದಳು. ಅಂದಿನಿಂದ ಗೊತ್ತಿದ್ದದ್ದೆಲ್ಲ ಸಂಶಯವಾಯಿತು. ಮಾತ್ರೆಯ ಹೆಸರು ನೆನಪಾದರೆ, ಇದು ಇದ್ದದ್ದೋ ಹುಟ್ಟಿದ್ದೋ ಎಂದು. ಬಸ್ಸಿನಲ್ಲಿ ಬೋರ್ಡು ಓದುತ್ತಿದ್ದದ್ದೂ ಅದಕ್ಕೇ. ಬೋರ್ಡು ಬರುವ ಮೊದಲೇ ಅಲ್ಲಿ ಯಾವ ಅಂಗಡಿ ಎಂದು ಹೇಳಿಕೊಂಡು, ಬಂದ ಮೇಲೆ ಸರಿಯೇ ಎಂದು ನೋಡುತ್ತಿದ್ದಳು.

ಬ್ರಹ್ಮಾವರದವಳು ಮುಚ್ಚುಮರೆ ಮಾಡಲಿಲ್ಲ. ‘ನಂಗೆ ಗೊತ್ತಿತ್ತ್’ ಎಂದಳು. ‘ನೀ ಆಸ್ಪತ್ರೆಯಿಂದ ಬಂದ್ ಕೂಕಂಡದ್ದಷ್ಟೇ. ಆಟ ನಮ್ದ್ ಅಂದೇಳಿ ಹೇಳೂಕ್ ಬಾಯಿ ಬರ್ಲಿಲ್ಲ.’

‘ನೀವ್ ಸುಮ್ನೆ ಕೂಕಂಡ್ರೆ ನನ್ ತಲಿ ಸರಿ ಇತ್ತಾ ಇಲ್ಯಾ ಅಂದೇಳಿ ನಂಗೆ ಗೊತ್ತಾಪ್ದ್ ಹ್ಯಾಂಗೆ?’

ಸಿಟ್ಟಿನಿಂದ ಹೇಳಿದ್ದಲ್ಲ. ನಿಜವಾಗಿ ಕೇಳಿದ್ದು.  ಕಾಯಿಲೆಯವಳಿಗೆ ನೋವಾಗಬಾರದು ಎಂದು ನಾವು ಮುಚ್ಚಿಟ್ಟದ್ದು ಅವಳು ಒರಗಿ ನಿಲ್ಲಬೇಕಿದ್ದ ಗೋಡೆಯನ್ನೇ.

ಈ ನಡುವೆ ತಲ್ಲೂರಿನವಳು ತನ್ನ ಕಪ್ಪು ಎಲೆಯನ್ನೇ ನೋಡುತ್ತಾ ಕೂತಿದ್ದಳು. ಕೊನೆಗೆ ತಲೆಯೆತ್ತಿ, ಹಾಗಾದರೆ ಹೊಡೆಯಲೇಬೇಕಿತ್ತೇ ಎಂದು ಕೇಳಿದಳು. ನಮಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅಂದು ಅವಳು ಕನಿಕರದಿಂದ ಸುಳ್ಳು ಹೇಳಿರಲಿಲ್ಲ. ಅವಳಿಗೆ ಬೈಂದೂರಿನ ಕಾನೂನು ಗೊತ್ತೇ ಇರಲಿಲ್ಲ. ಇಷ್ಟು ವರ್ಷ ಆ ಸಿಟೌಟಿನಲ್ಲಿ ಕೂತು ಆಡಿದವಳು, ಅಲ್ಲಿ ಅಂಥದೊಂದು ಕಾನೂನಿದೆ ಎಂದು ಒಮ್ಮೆಯೂ ತಿಳಿದಿರಲಿಲ್ಲ.

‘ಆಟ ಹೋಯ್ತ್ ಅಂದೇಳಿ ನಿಂಗೆ ಎಷ್ಟ್ ಸಲ ಬೈದಿದ್ದೆ ನಾನ್!’ ಎಂದಳು ಬ್ರಹ್ಮಾವರದವಳು.

‘ಬೈದದ್ದ್ ಗೊತ್ತಿತ್ತ್. ನೀ ಎಲ್ಲದಕ್ಕೂ ಬೈತೆ. ಎಂತಕ್ ಬೈದದ್ದ್ ಅಂದೇಳಿ ದಿನಾ ಕೇಂತಾ ಕೂಕಂಬ್ಕಾ ನಾನ್?’

ಬೈಂದೂರಿನವಳು ನಕ್ಕಳು. ಮೊದಲು ಸಣ್ಣಗೆ, ಆಮೇಲೆ ಬಾಯಿಗೆ ಸೆರಗು ಹಿಡಿದುಕೊಂಡು. ಕಾಯಿಲೆಯ ನಂತರ ಅವಳು ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ, ಅಥವಾ ಕಂಡದ್ದು ನೆನಪಿಲ್ಲ. ತಲ್ಲೂರಿನವಳಿಗೆ ಮಾತ್ರ ಮುಖ ಸಣ್ಣದಾಗಿತ್ತು. ತನ್ನಿಂದಲೇ ಗೆಳತಿ ಇಷ್ಟು ದಿನ ಕೊರಗಿದಳಲ್ಲ ಎಂದು ಅವಳ ಕಣ್ಣು ತುಂಬಿಕೊಂಡಿತು. ಬೈಂದೂರಿನವಳು ಆ ಕಪ್ಪು ಎಲೆಯನ್ನು ಅವಳ ಕೈಯಿಂದ ತೆಗೆದುಕೊಂಡಳು.

‘ಮೂರೂ ಕೆಂಪ್ ಇದ್ದಿದ್ರೆ ನಾ ನಂಬ್ತಿರ್ಲಿಲ್ಲ. ಮೊದ್ಲೇ ಮಾತಾಡ್ಕಂಡದ್ದ್ ಅಂದೇಳಿ ಎಣಿಸ್ತಿದ್ದೆ. ನೀ ಕಪ್ ಹಾಕದ್ದಕ್ಕೆ ಇವ್ರ್ ಕೆಂಪ್ ನಂಬದೆ.’

ನಾನು ಅದರ ಬಗ್ಗೆ ಆಮೇಲೆ ಬಹಳ ಯೋಚಿಸಿದ್ದೇನೆ. ನಾವು ಮೂವರೂ ಅವಳ ಪರವಾಗಿ ನಿಂತಿದ್ದರೆ ಅವಳು ಅಂಗಡಿ ಬಿಡುತ್ತಿದ್ದಳು. ಒಬ್ಬಳು ಪ್ರಾಮಾಣಿಕವಾಗಿ ತಪ್ಪು ತಿಳಿದಿದ್ದರಿಂದ ಉಳಿದಿಬ್ಬರ ಮಾತಿಗೆ ತೂಕ ಬಂತು. ಇದನ್ನು ತರಗತಿಯಲ್ಲಿ ಹೇಳಬೇಕೆಂದುಕೊಂಡಿದ್ದೇನೆ, ಇನ್ನೂ ಹೇಳಿಲ್ಲ. ಹೇಳಿದರೆ ಇದು ಪಾಠವಾಗಿಬಿಡುತ್ತದೆ. ಆ ಚಾಪೆ, ಆ ಗೋಳಿಬಜೆಯ ಎಣ್ಣೆ ಹತ್ತಿದ ಎಲೆಗಳು ಮಾಯವಾಗುತ್ತವೆ ಎಂಬ ಅಂಜಿಕೆ.

ಅವಳು ಎದ್ದು ಅಂಗಳಕ್ಕೆ ಹೋಗಿ ಗಂಡನಿಗೆ ಫೋನು ಮಾಡಿದಳು. ನಮಗೆ ಕೇಳಿಸಿದ್ದು ಅವಳ ಮಾತು ಮಾತ್ರ. ನಾಳೆ ಅರ್ಜಿ ಕೊಡುವುದು ಬೇಡ. ಇಲ್ಲ, ಹುಡುಗಿಯನ್ನು ಬಿಡಿಸುವುದೂ ಬೇಡ, ಅವಳೂ ಇರಲಿ. ತಾನು ಬೆಳಿಗ್ಗೆ ಬರುತ್ತೇನೆ. ಆ ಕಡೆಯಿಂದ ಏನೋ ಕೇಳಿದರು. ‘ಧೈರ್ಯ ಅಲ್ಲ’ ಎಂದಳು ಅವಳು, ‘ಆತ್ತಾ ಇಲ್ಯಾ ಕಾಂಬ ಅಂದೇಳಿ.’ ಮತ್ತೆ ಒಳಗೆ ಬಂದು ಕೂತು ಎಲೆ ಹಂಚಿದಳು. ಬ್ರಹ್ಮಾವರದ ಕಾನೂನಿನಲ್ಲೇ ಆಡಿದೆವು. ಅವಳೂ ತಲ್ಲೂರಿನವಳೂ ಸೋತರು. ಲೋಟ ತೊಳೆಯಲು ಅವಳು ಎದ್ದಾಗ ನಮ್ಮಲ್ಲಿ ಯಾರೂ ಕೂತಲ್ಲಿಂದ ಏಳಲಿಲ್ಲ. ಏಳದೆ ಇರುವುದು ಅಷ್ಟು ಕಷ್ಟದ ಕೆಲಸ ಎಂದು ನನಗೆ ಗೊತ್ತಿರಲಿಲ್ಲ. ಒಳಗಿನಿಂದ ಒಂದು ಲೋಟ ಬಿದ್ದ ಸದ್ದು ಬಂತು, ಸ್ಟೀಲಿನದು. ಆಗಲೂ ಏಳಲಿಲ್ಲ.

ದೀಪಾವಳಿ ಕಳೆದು ಕೆಲವು ವಾರಗಳಾದ ಮೇಲೆ ನಾನು ಯಾವುದೋ ಕೆಲಸಕ್ಕೆ ಬೈಂದೂರಿಗೆ ಹೋಗಿದ್ದೆ. ಹೇಳದೆ ಮೆಡಿಕಲ್ ಶಾಪಿನ ಕಡೆ ನಡೆದೆ. ಕೌಂಟರಿನ ಮುಂದೆ ಜನವಿತ್ತು. ಅವಳು ಬಿಳಿ ಕೋಟು ಹಾಕಿಕೊಂಡು ಒಳಗಿದ್ದಳು, ಪಕ್ಕದಲ್ಲಿ ಆ ಹುಡುಗಿ. ನಾನು ಹಿಂದೆಯೇ ನಿಂತೆ.

ಅವರಿಬ್ಬರು ಒಂದು ಪದ್ಧತಿ ಮಾಡಿಕೊಂಡಿದ್ದರು. ಒಬ್ಬಳು ಚೀಟಿ ನೋಡಿ ಮಾತ್ರೆ ತೆಗೆದರೆ ಇನ್ನೊಬ್ಬಳು ಅದರ ಹೆಸರು, ಶಕ್ತಿ ಗಟ್ಟಿಯಾಗಿ ಓದಬೇಕು. ಚೀಟಿಗೆ ಹೊಂದದಿದ್ದರೆ ಮುಲಾಜಿಲ್ಲದೆ ಅಲ್ಲ ಎನ್ನಬೇಕು. ಹುಡುಗಿ ತೆಗೆದರೂ ಇದೇ, ಇವಳು ತೆಗೆದರೂ ಇದೇ. ಇದರಿಂದ ಕೆಲಸ ನಿಧಾನವಾಗುತ್ತದೆಂದು ಗಂಡ ಗೊಣಗಿದ್ದರಂತೆ, ಆಮೇಲೆ ಅವರಿಗೇ ಅಭ್ಯಾಸವಾಯಿತಂತೆ.

ವಯಸ್ಸಾದವರೊಬ್ಬರು ಚೀಟಿ ಕೊಟ್ಟರು. ಇವಳು ಓದಿ, ಹಿಂದೆ ತಿರುಗಿ, ಮೇಲಿನ ಸಾಲಿನಿಂದ ಎರಡು ಪಟ್ಟಿ ಮಾತ್ರೆ ತೆಗೆದು ಇಟ್ಟಳು. ಹುಡುಗಿ ಒಂದನ್ನು ಓದಿದಳು, ಸರಿ. ಎರಡನೆಯದನ್ನು ಕೈಗೆತ್ತಿಕೊಂಡು ಚೀಟಿ ನೋಡಿ, ‘ಅಕ್ಕಾ, ಇದಲ್ಲ. ಇದ್ರ ಅರ್ಧ ಶಕ್ತಿದ್ ಬರ್ದದ್’ ಎಂದಳು.

ನನಗೆ ಮುಖ ತಿರುಗಿಸಿ ಹೊರಗೆ ರಸ್ತೆ ನೋಡಬೇಕೆನ್ನಿಸಿತು, ನೋಡಲಿಲ್ಲ.

ಅವಳು ಚೀಟಿಯನ್ನು ಬೆಳಕಿಗೆ ಹಿಡಿದು ಮತ್ತೆ ಓದಿದಳು. ‘ಹೌದ್, ಅರ್ಧವೇ’ ಎಂದು ಪಟ್ಟಿಯನ್ನು ಹಿಂದಕ್ಕೆ ಇಟ್ಟು ಬೇರೆಯದು ತೆಗೆದಳು. ಹುಡುಗಿ ಓದಿದಳು, ಸರಿ. ಹಿರಿಯರು ಕವರು ತೆಗೆದುಕೊಂಡು ಹೊರಟರು. ಆಗ ಅವಳು ನನ್ನನ್ನು ಕಂಡಳು. ಅಲ್ಲ ಎನ್ನಿಸಿಕೊಂಡ ಕುಗ್ಗು ಅವಳ ಮುಖದಲ್ಲಿ ಎಲ್ಲೂ ಇರಲಿಲ್ಲ. ‘ಹ್ವಾಯ್, ಅಲ್ಲೆಂತಕ್ ನಿಂತದ್ದ್? ಒಳ್ಗ್ ಬಾ’ ಎಂದವಳು, ನಾನು ಒಳಗೆ ಹೋಗುವಷ್ಟರಲ್ಲಿ ಮುಂದಿನವರ ಚೀಟಿಗೆ ಕೈ ಚಾಚಿದ್ದಳು.